ಹಂಗಾಮಿ ಗುರುವಿನ ಮೂವತ್ತೆಂಟು ಪಂದ್ಯಗಳು

ಕಳೆದ ತಿಂಗಳು ನಮಗೊಂದು ಪತ್ರ ಬಂದಿತು. ಬರೆದವರು ಸಂಘದ ಹಳೆಯ ಸದಸ್ಯರು. ಅವರ ಮಗ ನಮ್ಮ ಕಿರಿಯರ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಾನೆ. ಆ ತಂಡಕ್ಕೆ ನಾಲ್ಕು ವರ್ಷ ಆಟ ಕಲಿಸಿದವರನ್ನು ಸಮಿತಿಯು ಕೈಬಿಟ್ಟು, ಬೇರೊಬ್ಬರು ಖಾಯಂ ಆಗಿ ದೊರೆಯುವ ತನಕ ಎಂದು ಒಬ್ಬ ಹಂಗಾಮಿ ಕೋಚ್‌ನನ್ನು ನೇಮಿಸಿದ್ದು ಓದುಗರಿಗೆ ತಿಳಿದೇ ಇದೆ. ಅವರು ಬಂದ ಮೇಲೆ ಆರು ವಾರಗಳಲ್ಲಿ ಹುಡುಗರು ನಾಲ್ಕು ಪಂದ್ಯ ಆಡಿ ನಾಲ್ಕನ್ನೂ ಗೆದ್ದರು. ಪತ್ರದ ಮೊದಲರ್ಧದಲ್ಲಿ ಹೊಸಬರಿಗೆ ಹೊಗಳಿಕೆ, ಎರಡನೆಯರ್ಧದಲ್ಲಿ ಹಿಂದಿನವರಿಗೆ ಬೈಗುಳ. ಹೊಸಬರನ್ನು ಕೂಡಲೇ ಖಾಯಂ ಮಾಡಬೇಕೆಂಬ ಒತ್ತಾಯ ಕೊನೆಗೆ. ಪತ್ರವನ್ನು ಅಚ್ಚು ಮಾಡುವುದೋ ಬಿಡುವುದೋ ಎಂದು ನಾವು ಎರಡು ದಿನ ಯೋಚಿಸಿದೆವು. ಈ ಬರಹ ಆ ಯೋಚನೆಯಿಂದ ಹುಟ್ಟಿದ್ದು.

'ಹಂಗಾಮಿ' ಎಂಬ ಮಾತು ನಮ್ಮ ಓದುಗರಿಗೆ ಹೊಸದಲ್ಲ. ಬ್ಯಾಂಕಿನಲ್ಲಿಯೋ ರೈಲ್ವೆಯಲ್ಲಿಯೋ ಮೂವತ್ತು ವರ್ಷ ಸವೆಸಿದವರಿಗೆ ಅದರ ರುಚಿ ಚೆನ್ನಾಗಿ ಗೊತ್ತು. ಕುರ್ಚಿ ಅದೇ, ಸಹಿಯೂ ಅದೇ, ಆದರೆ ಬಾಗಿಲ ಮೇಲಿನ ಹಲಗೆಯಲ್ಲಿ ಹೆಸರು ಬರೆಸುವುದಿಲ್ಲ. ಕೆಲಸ ಕೆಟ್ಟರೆ ಪೂರ್ತಿ ಅವನದು. ಸುಧಾರಿಸಿದರೆ, 'ನೋಡಿ, ಹಿಂದಿನವನು ಎಂಥ ಅಯೋಗ್ಯ' ಎಂದು ಹೇಳಲು ಎಲ್ಲರಿಗೂ ಒಂದು ಸಾಧನ. ಹೀಗೆ ಹಂಗಾಮಿಯವನ ಬಗೆಗೆ ಕೊಡುವ ತೀರ್ಪು ಒಬ್ಬನ ಬಗೆಗಿನ ತೀರ್ಪಲ್ಲ, ಇಬ್ಬರ ಬಗೆಗಿನದು. ಎದ್ದುಹೋದವನಿಗೆ ಉತ್ತರ ಕೊಡುವ ಅವಕಾಶವೂ ಇರುವುದಿಲ್ಲ.

ನಮ್ಮ ಹುಡುಗರ ನಾಲ್ಕು ಪಂದ್ಯಗಳ ಮೇಲೆ ವಿಮರ್ಶೆ ಕಟ್ಟುವುದು ಹಾಸ್ಯಾಸ್ಪದವಾದೀತು. ಆದ್ದರಿಂದ ಆದಿಯಿಂದ ಅಂತ್ಯದವರೆಗೆ ಎಲ್ಲರ ಕಣ್ಣ ಮುಂದೆ ನಡೆದುಹೋದ ಒಂದು ದೊಡ್ಡ ಪ್ರಕರಣವನ್ನು ಎತ್ತಿಕೊಳ್ಳುತ್ತೇವೆ. ಅಮೆರಿಕದ ಎನ್.ಬಿ.ಎ. ಪಂದ್ಯಾವಳಿಯ ಅಟ್ಲಾಂಟಾ ಹಾಕ್ಸ್ ತಂಡ, 2021ನೆಯ ಇಸವಿ, ಹಂಗಾಮಿ ಕೋಚ್ ನೇಟ್ ಮ್ಯಾಕ್‌ಮಿಲನ್. ನಮ್ಮ ಮನೆಗಳ ಹುಡುಗರು ಪರೀಕ್ಷೆಗೆ ಏಳದಿದ್ದರೂ ಈ ಪಂದ್ಯಗಳಿಗೆ ಬೆಳಗಿನ ಐದಕ್ಕೆ ಏಳುತ್ತಾರಾಗಿ, ಹೆಸರುಗಳು ತಾಯಂದಿರಿಗೂ ಅಪರಿಚಿತವಲ್ಲ.

ಮ್ಯಾಕ್‌ಮಿಲನ್ ಅವರನ್ನು ನಮ್ಮಲ್ಲಿ ಕೆಲವರು ಕಣ್ಣಾರೆ ಕಂಡದ್ದೂ ಉಂಟು. 2019ರ ಅಕ್ಟೋಬರ್ 4 ಮತ್ತು 5ರಂದು ವರ್ಲಿಯ ಎನ್.ಎಸ್.ಸಿ.ಐ. ಡೋಮ್‌ನಲ್ಲಿ ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ತಂಡಗಳು ಎರಡು ಪಂದ್ಯ ಆಡಿದವು. ಮೊದಲ ದಿನ ಶಾಲೆಯ ಮಕ್ಕಳಿಗೇ ಮೀಸಲು. ಹೆಚ್ಚುವರಿ ಸಮಯಕ್ಕೆ ಹೋದ ಆ ಪಂದ್ಯವನ್ನು ಇಂಡಿಯಾನಾ 132-131ರಿಂದ ಗೆದ್ದಿತು, ಮರುದಿನದ್ದನ್ನೂ ಗೆದ್ದಿತು. ಇಂಡಿಯಾನಾದ ಕೋಚ್ ಇವರೇ. ಎರಡನೆಯ ದಿನ ನಾವೂ ಟಿಕೇಟು ಕೊಂಡು ಹೋಗಿದ್ದೆವು. ನಿಜ ಹೇಳಬೇಕೆಂದರೆ ಕೋಚ್ ಕಡೆ ನಾವು ನೋಡಲೇ ಇಲ್ಲ. ಏಳಡಿ ಎತ್ತರದವರು ಓಡಾಡುತ್ತಿರುವಾಗ ಕೋಟು ತೊಟ್ಟು ನಿಂತವರನ್ನು ಯಾರು ನೋಡುತ್ತಾರೆ! ಮರುವರ್ಷ ಆಗಸ್ಟ್‌ನಲ್ಲಿ ಇಂಡಿಯಾನಾದವರು ಅವರ ಕರಾರನ್ನು ಮುಂದುವರಿಸಿ, ಎರಡು ವಾರ ಕಳೆಯುವಷ್ಟರಲ್ಲಿ ಮನೆಗೆ ಕಳಿಸಿದರು. ನಾಲ್ಕು ವರ್ಷವೂ ಅಂತಿಮ ಘಟ್ಟದ ಮೊದಲ ಸುತ್ತಿನಲ್ಲೇ ಸೋತಿದ್ದರು, ಒಟ್ಟು 3 ಗೆಲುವು, 16 ಸೋಲು. ಹಾಗೆ ಮನೆಗೆ ಹೋದವರು ಅಟ್ಲಾಂಟಾಕ್ಕೆ ಲಾಯ್ಡ್ ಪಿಯರ್ಸ್ ಎಂಬ ಕೋಚ್‌ನ ಸಹಾಯಕರಾಗಿ ಬಂದರು.

ಪಿಯರ್ಸ್ 2018ರಲ್ಲಿ ನೇಮಕಗೊಂಡಾಗ ಅವರ ಕೈಗೆ ಸಿಕ್ಕಿದ್ದು ತಂಡವಲ್ಲ, ಸಸಿಮಡಿ. ಟ್ರೇ ಯಂಗ್, ಕೆವಿನ್ ಹರ್ಟರ್ ಅದೇ ವರ್ಷ ಕಾಲೇಜು ಬಿಟ್ಟು ಬಂದ ಹುಡುಗರು. ಜಾನ್ ಕಾಲಿನ್ಸ್ ಅವರಿಗಿಂತ ಒಂದು ವರ್ಷಕ್ಕೆ ಹಿರಿಯ. ಮೊದಲ ವರ್ಷ 29 ಗೆಲುವು 53 ಸೋಲು, ಎರಡನೆಯ ವರ್ಷ 20 ಗೆಲುವು 47 ಸೋಲು. ಮಾಲೀಕರು ಸೋಲನ್ನು ಲೆಕ್ಕಹಾಕಿಯೇ ಹುಡುಗರನ್ನು ಆಡಿಸಿದ್ದರು. ಎಳೆಯ ತಂಡ ಸೋತು ಸೋತೇ ಕಲಿಯಬೇಕು. ಮೂರನೆಯ ವರ್ಷಕ್ಕೆ ಕ್ಲಿಂಟ್ ಕಪೇಲಾ, ಬೋಗ್ದಾನ್ ಬೋಗ್ದಾನೊವಿಚ್, ಗಾಲಿನಾರಿ ಮೊದಲಾದ ಅನುಭವಿಗಳನ್ನು ತಂದು ಸೇರಿಸಿ, 'ಇನ್ನು ಗೆಲ್ಲಿ' ಎಂದರು. ಗೆಲುವು ತಡವಾಯಿತು. ಮುಂದಿದ್ದ ಪಂದ್ಯಗಳನ್ನು ಹುಡುಗರು ಕೊನೆಯ ಹನ್ನೆರಡು ನಿಮಿಷಗಳಲ್ಲಿ ಕೈಚೆಲ್ಲುತ್ತಿದ್ದರು. ಒಳಗೆ ಅಸಮಾಧಾನವಿದೆಯೆಂದು ಪತ್ರಿಕೆಗಳು ಬರೆದವು. 14 ಗೆಲುವು 20 ಸೋಲು ಆಗಿದ್ದಾಗ, 2021ರ ಮಾರ್ಚ್ 1ರಂದು ಪಿಯರ್ಸ್ ಅವರನ್ನು ತೆಗೆದರು. ಸಹಾಯಕ ಮ್ಯಾಕ್‌ಮಿಲನ್ ಹಂಗಾಮಿಯಾದರು.

ಮುಂದಿನ ಎಂಟು ಪಂದ್ಯಗಳಲ್ಲಿ ಎಂಟೂ ಗೆಲುವು! ಉಳಿದ 38 ಪಂದ್ಯಗಳಲ್ಲಿ ಒಟ್ಟು 27 ಗೆಲುವು. ಆಗಿನ ದಿನಗಳಲ್ಲಿ ನಾವೂ, ಲಾಕ್‌ಡೌನಿನ ಬೇಸರದಲ್ಲಿ ಫೋನಿನ ಮೇಲೆಯೇ ವಾದ ಮಾಡುತ್ತಿದ್ದ ನಮ್ಮ ಗೆಳೆಯರೂ, ಇದನ್ನು ಮಂತ್ರದಂಡವೆಂದೇ ಬಗೆದೆವು. ಪಿಯರ್ಸ್ ಬಗೆಗೆ ನಾವು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಇಂದು ಆ ಎಂಟು ಪಂದ್ಯಗಳನ್ನು ಒಂದೊಂದಾಗಿ ತೆಗೆದುನೋಡಿದರೆ ಕಾಣುವುದು ಬೇರೆ. ಒರ್ಲಾಂಡೊ ಮೇಲೆ ಗೆದ್ದದ್ದು ಮೂರೇ ಅಂಕದಿಂದ. ಟೊರಾಂಟೊ ಮೇಲೆ ಒಂದೇ ಅಂಕ, ಅದೂ ಟೋನಿ ಸ್ನೆಲ್ ಕೊನೆಯ ಕ್ಷಣದಲ್ಲಿ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿದ್ದದ್ದರಿಂದ. ಹ್ಯೂಸ್ಟನ್ ಆ ದಿನಗಳಲ್ಲಿ ಸತತ 20 ಪಂದ್ಯ ಸೋತ ತಂಡ. ಎಂಟನೆಯದರಲ್ಲಿ ಲೇಕರ್ಸ್ ತಂಡದ ಲೆಬ್ರಾನ್ ಜೇಮ್ಸ್ ಕಾಲುಳುಕಿ ಆಟದ ನಡುವೆಯೇ ಹೊರನಡೆದ. ಸ್ನೆಲ್‌ನ ಚೆಂಡು ಬುಟ್ಟಿಯ ಅಂಚಿಗೆ ತಗುಲಿ ಹೊರಗೆ ಬಿದ್ದಿದ್ದರೆ 'ಎಂಟಕ್ಕೆ ಎಂಟು' ಎಂಬ ಮಾತೇ ಇರುತ್ತಿರಲಿಲ್ಲ, ಮ್ಯಾಕ್‌ಮಿಲನ್ ಅವರ ಕೆಲಸ ಮಾತ್ರ ಕೂದಲೆಳೆಯಷ್ಟೂ ಬೇರೆಯಾಗುತ್ತಿರಲಿಲ್ಲ.

ಇನ್ನೂ ದೊಡ್ಡ ಸಂಗತಿಯೊಂದಿದೆ. ಬೋಗ್ದಾನೊವಿಚ್ ಜನವರಿಯಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಪಿಯರ್ಸ್‌ಗೆ ಇಲ್ಲವಾಗಿದ್ದ. ಅವನು ಮರಳಿದ್ದು ಮಾರ್ಚ್ ಮೊದಲ ವಾರದಲ್ಲಿ, ಹೊಸ ಕೋಚ್ ಬಂದ ಹೊತ್ತಿಗೇ ಸರಿಯಾಗಿ. ಏಪ್ರಿಲ್‌ನಲ್ಲಿ ಅವನ ಆಟ ತಂಡವನ್ನೇ ಹೊತ್ತು ನಡೆಸಿತು. ಒಬ್ಬರು ಬಿತ್ತಿದ್ದನ್ನು ಇನ್ನೊಬ್ಬರು ಕೊಯ್ಯುವುದೆಂದರೆ ಇದೇ. ಆದರೆ ಲೆಕ್ಕ ಒಂದೇ ಕಡೆಗೆ ವಾಲಬಾರದು: ಜನವರಿಯವರೆಗೆ ತಂಡದ ಬಲವಾಗಿದ್ದ ಡಿಆಂಡ್ರೆ ಹಂಟರ್ ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದ ಹೊಸ ಕೋಚ್‌ಗೆ ಸಿಕ್ಕಿದ್ದು ತೀರ ಕಡಿಮೆ.

ಹಾಗಾದರೆ ಮ್ಯಾಕ್‌ಮಿಲನ್ ಮಾಡಿದ್ದೇನೂ ಇಲ್ಲವೆ? 'ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ' ಎಂಬ ಗಾದೆ ಹೇಳಿ ಮುಗಿಸಬಹುದೆ? ಹಾಗೆ ಮುಗಿಸಿದರೂ ಅನ್ಯಾಯವೇ. ಪೋರ್ಟ್‌ಲೆಂಡಿನಲ್ಲಿದ್ದಾಗ 'ಸಾರ್ಜ್', ಎಂದರೆ ಹವಾಲ್ದಾರ, ಎಂಬ ಅಡ್ಡಹೆಸರು ಪಡೆದಿದ್ದವರು ಅವರು; ನಿಧಾನದ, ಎಚ್ಚರದ ಆಟ ಅವರ ಗುರುತು. ಅವಸರವೇ ರೋಗವಾಗಿದ್ದ ಹುಡುಗರಿಗೆ ಇದೇ ಮದ್ದಾಗಿರಬೇಕು. ಅವರು ಆಟದ ಪಟ್ಟುಗಳನ್ನೆಲ್ಲ ಬದಲಿಸಲು ಹೋಗಲಿಲ್ಲ, ನಡು ಹಂಗಾಮಿನಲ್ಲಿ ಅದಕ್ಕೆ ಸಮಯವೂ ಇರಲಿಲ್ಲ. ಬದಲಾದದ್ದು ಕೊನೆಯ ಹನ್ನೆರಡು ನಿಮಿಷಗಳು. ಹಿಂದೆ ಗಾಬರಿಯಿಂದ ಚೆಂಡು ಕಳೆಯುತ್ತಿದ್ದವರು ಈಗ ಉಸಿರು ಹಿಡಿದು ಆಡಿದರು. ಅಂಕಪಟ್ಟಿಯಲ್ಲಿ ಕಾಣದ ಈ ಕೆಲಸವೇ ಹಂಗಾಮಿಯವನ ನಿಜವಾದ ದುಡಿಮೆ ಎಂದು ನಮ್ಮ ಎಣಿಕೆ.

ಅದರ ಪರೀಕ್ಷೆ ನಡೆದದ್ದು ಅಂತಿಮ ಘಟ್ಟದಲ್ಲಿ. ನ್ಯೂಯಾರ್ಕ್ ನಿಕ್ಸ್ ವಿರುದ್ಧ ಮೊದಲ ಪಂದ್ಯದಲ್ಲಿ ಒಂದು ಸೆಕೆಂಡಿಗೂ ಕಡಿಮೆ ಸಮಯ ಉಳಿದಿದ್ದಾಗ ಯಂಗ್ ಬುಟ್ಟಿ ಹಾಕಿ 107-105ರಿಂದ ಗೆಲ್ಲಿಸಿದ, ಸರಣಿ 4-1. (ಆ ವರ್ಷದ ಶ್ರೇಷ್ಠ ಕೋಚ್ ಪ್ರಶಸ್ತಿ ಸಂದದ್ದು ಸೋತ ನಿಕ್ಸ್‌ನ ಟಾಮ್ ಥಿಬೊಡೋ ಅವರಿಗೆ. ಪ್ರಶಸ್ತಿಗಳ ಮಾತು ನಮ್ಮ ಸಾಹಿತ್ಯದಲ್ಲೂ ಹಾಗೆಯೇ, ಬಿಡಿ.) ಇವೆಲ್ಲ ತಾರೆಯೊಬ್ಬನ ಕೈಚಳಕ ಎನ್ನಬಹುದು. ಆದರೆ ಮುಂದಿನ ಸುತ್ತಿನಲ್ಲಿ ಫಿಲಡೆಲ್ಫಿಯಾದ ನೆಲದಲ್ಲೇ ಐದನೆಯ ಪಂದ್ಯ: 26 ಅಂಕ ಹಿಂದೆ ಬಿದ್ದ ತಂಡ 109-106ರಿಂದ ಗೆದ್ದು ಎದ್ದಿತು. ನಾಲ್ಕು ತಿಂಗಳ ಹಿಂದೆ ಇದೇ ಹುಡುಗರು ಇಂಥ ಹೊತ್ತಿನಲ್ಲಿ ಕೈಬಿಡುತ್ತಿದ್ದರು.

ನಮ್ಮನ್ನು ನಿಜವಾಗಿ ಒಪ್ಪಿಸಿದ್ದು ಅದೇ ಸರಣಿಯ ಏಳನೆಯ ಪಂದ್ಯ. ಅಂದು ಯಂಗ್‌ನ ಕೈ ಕೆಟ್ಟಿತ್ತು; 23 ಸಲ ಎಸೆದು 5 ಸಲ ಮಾತ್ರ ಬುಟ್ಟಿ. ಬೇರೆ ದಿನವಾಗಿದ್ದರೆ ಅಲ್ಲಿಗೆ ಮುಗಿಯಿತು. ಅಂದು ಹರ್ಟರ್ 27 ಅಂಕ ಗಳಿಸಿದ, ತಂಡ 103-96ರಿಂದ ಗೆದ್ದಿತು. ಮಿಲ್ವಾಕೀ ಎದುರಿನ ಸರಣಿಯಲ್ಲಿ ಮೊದಲ ಪಂದ್ಯವನ್ನು ಯಂಗ್ 48 ಅಂಕ ಹಾಕಿ ಗೆಲ್ಲಿಸಿದ. ಮೂರನೆಯದರಲ್ಲಿ ಅಂಪೈರೊಬ್ಬರ ಪಾದದ ಮೇಲೆ ಕಾಲಿಟ್ಟು ಉಳುಕಿಸಿಕೊಂಡ. ನಾಲ್ಕನೆಯದಕ್ಕೆ ಆಡಲೇ ಇಲ್ಲ. ಅವನಿಲ್ಲದೆ ಅಟ್ಲಾಂಟಾ 110-88ರಿಂದ ಗೆದ್ದಿತು. ಎದುರಾಳಿ ಯಾನಿಸ್ ಅಂದು ಮೊಣಕಾಲು ನೋಯಿಸಿಕೊಂಡು ಹೊರಹೋದದ್ದು ನಿಜ. ಆದರೆ ಅವನು ಹೋಗುವ ಮೊದಲೇ ಅಟ್ಲಾಂಟಾ ಮುಂದಿತ್ತು. ಕೊನೆಗೆ ಸರಣಿ 2-4ರಿಂದ ಸೋತಿತು, ಮಿಲ್ವಾಕೀ ಆ ವರ್ಷದ ಚಾಂಪಿಯನ್ ಆಯಿತು.

ಹಂಗಾಮಿಯವನನ್ನು ಅಳೆಯಲು ಎಂಟು ಗೆಲುವಿನ ಸರಪಳಿಗಿಂತ ಈ ಎರಡು ಸಂಜೆಗಳೇ ನಮಗೆ ಹೆಚ್ಚು. ತಾರೆಯ ಕೈ ನಡೆಯದ ದಿನ, ತಾರೆಯೇ ಇಲ್ಲದ ದಿನ, ಉಳಿದ ಹುಡುಗರು ಏನು ಮಾಡಿದರು? ಅದನ್ನು ನೋಡಬೇಕು. ಹಾಗೆ ನೋಡುವಾಗ ಇನ್ನೊಂದು ಮಾತೂ ಹೊರಬೀಳುತ್ತದೆ: ಹರ್ಟರ್‌ನನ್ನು ಮೂರು ವರ್ಷ ಸೋಲಿನ ನಡುವೆಯೂ ಕೂರಿಸದೆ ಆಡಿಸಿದವರು ಪಿಯರ್ಸ್. ಧೈರ್ಯ ಮಾರ್ಚ್‌ನಲ್ಲಿ ಬಂದಿರಬಹುದು. ಕೈಯ ಅಭ್ಯಾಸ ಮಾರ್ಚ್‌ನಲ್ಲಿ ಬಂದದ್ದಲ್ಲ.

ಗೆಲುವಿನ ಬಿಸಿ ಆರುವ ಮುನ್ನ, ಜುಲೈ ತಿಂಗಳಲ್ಲಿ, ಮ್ಯಾಕ್‌ಮಿಲನ್ ಅವರನ್ನು ನಾಲ್ಕು ವರ್ಷದ ಕರಾರಿನೊಂದಿಗೆ ಖಾಯಂ ಮಾಡಿದರು. ಯಾರು ತಾನೇ ಬೇಡವೆಂದಾರು? ನಾವಂತೂ ಅನ್ನಲಿಲ್ಲ. ಮರುವರ್ಷ 43 ಗೆಲುವು 39 ಸೋಲು, ಮೊದಲ ಸುತ್ತಿನಲ್ಲಿ ಮಯಾಮಿ ಎದುರು 1-4. ಅದರ ಮರುವರ್ಷ ಯಂಗ್‌ಗೂ ಅವರಿಗೂ ಮನಸ್ತಾಪವೆಂಬ ಸುದ್ದಿ. ಹಿಂದಿನ ಕೋಚ್ ಕಾಲದಲ್ಲೂ ಓದಿದ್ದ ಸುದ್ದಿಯೇ. 29 ಗೆಲುವು 30 ಸೋಲಾಗಿದ್ದಾಗ, 2023ರ ಫೆಬ್ರವರಿ 21ರಂದು ಅವರನ್ನೂ ತೆಗೆದರು. 2021ರಲ್ಲಿ 'ಮಹಾಗುರು' ಎಂದವರೇ 'ಇವನಿಂದ ಏನೂ ಆಗಿರಲಿಲ್ಲ, ಅದೃಷ್ಟ' ಎಂದರು. ಎರಡೂ ತೀರ್ಪು ತಪ್ಪೆಂದೇ ನಮ್ಮ ಮತ. ಅಲುಗಾಡುವ ದೋಣಿಯನ್ನು ನಿಲ್ಲಿಸುವ ಕೌಶಲ ಅವರಲ್ಲಿ ಧಾರಾಳವಾಗಿತ್ತು. ಅದನ್ನು ಅವರು ಮಾಡಿ ತೋರಿಸಿದರು. ಮರುವರ್ಷ ಬೇಕಾದದ್ದು ಹೊಸ ದೋಣಿ ಕಟ್ಟುವವನು. ಮೊದಲನೆಯದನ್ನು ಕಂಡು ಎರಡನೆಯದನ್ನು ಊಹಿಸಿದ್ದು ಮಾಲೀಕರ ತಪ್ಪು, ಕೋಚ್‌ನದಲ್ಲ. ಹಾಗೆಂದು ಅದು ಎಂದೂ ಕೂಡಿಬರುವುದಿಲ್ಲ ಎಂದೂ ಹೇಳುವಂತಿಲ್ಲ. ಇದೇ ಮ್ಯಾಕ್‌ಮಿಲನ್ 2000ದ ನವೆಂಬರ್‌ನಲ್ಲಿ ಸಿಯಾಟಲ್ ತಂಡಕ್ಕೆ ಹೀಗೆಯೇ ಹಂಗಾಮಿಯಾಗಿ ಬಂದು, ಖಾಯಂ ಆಗಿ, 2004-05ರಲ್ಲಿ 52 ಪಂದ್ಯ ಗೆಲ್ಲಿಸಿದ್ದರು. ಆದರೆ ಅಲ್ಲಿ ಅವರು ಹನ್ನೆರಡು ವರ್ಷ ಆಟಗಾರನಾಗಿ ಬೆಳೆದ ಮನೆ.

ಗೆಲುವಿನ ಲೆಕ್ಕವೇ ಸಾಕೆನ್ನುವವರಿಗೆ ಇನ್ನೊಂದು ಸಂಗತಿ ಹೇಳದೆ ಬಿಡಲಾರೆವು. ಮ್ಯಾಕ್‌ಮಿಲನ್ ಹೋದ ಮೇಲೆ ಅಟ್ಲಾಂಟಾಕ್ಕೆ ಜೋ ಪ್ರಂಟಿ ಎಂಬವರು ಹಂಗಾಮಿಯಾದರು. ಎರಡು ಪಂದ್ಯ ಆಡಿಸಿದರು, ಎರಡೂ ಗೆಲುವು. ಅಷ್ಟರಲ್ಲಿ ಕ್ವಿನ್ ಸ್ನೈಡರ್ ಖಾಯಂ ಕೋಚ್ ಆಗಿ ಬಂದಾಯಿತು. ನೂರಕ್ಕೆ ನೂರು ಅಂಕ ಪಡೆದ ಪ್ರಂಟಿಯವರಿಗೆ ಯಾರೂ ಹಾರ ಹಾಕಿದ ಸುದ್ದಿಯಿಲ್ಲ.

ಇನ್ನು ಆ ಪತ್ರ. ಅದರ ಮೊದಲರ್ಧವನ್ನು ಈ ಸಂಚಿಕೆಯ ಪತ್ರಗಳ ಪುಟದಲ್ಲಿ ಅಚ್ಚು ಮಾಡಿದ್ದೇವೆ. ಹುಡುಗರು ಗೆದ್ದದ್ದು ಸಂತೋಷವೇ, ಹಂಗಾಮಿ ಕೋಚ್‌ಗೆ ಅದರಲ್ಲಿ ಪಾಲು ಇದ್ದೇ ಇದೆ. ಎರಡನೆಯರ್ಧವನ್ನು ಬರೆದವರಿಗೇ ಮರಳಿಸಿದ್ದೇವೆ, ಒಂದು ಚೀಟಿಯ ಜೊತೆಗೆ. ಮನೆಯಲ್ಲಿರುವ ಹುಡುಗನನ್ನು ಒಂದು ಮಾತು ಕೇಳಿ, ನಾಲ್ಕು ವರ್ಷ ಕಲಿಸಿದವರು ಹೇಳಿಕೊಟ್ಟದ್ದರಲ್ಲಿ ಯಾವುದನ್ನು ಇನ್ನೂ ಹಾಗೆಯೇ ಆಡುತ್ತಿದ್ದೀಯೆ ಎಂದು. ಉತ್ತರ ಬಂದ ಮೇಲೂ ಬೈಯಬೇಕೆನಿಸಿದರೆ ಪತ್ರವನ್ನು ಮತ್ತೆ ಕಳುಹಿಸಿ, ಮುಂದಿನ ತಿಂಗಳು ಜಾಗ ಕಾದಿರಿಸಿದ್ದೇವೆ.