ಬಿಟ್ಟಿ ತಂತ್ರಾಂಶ, ದುಬಾರಿ ಲ್ಯಾಪ್‌ಟಾಪ್: ಒಂದು ತೂಕ

ಬೇಸಿಗೆ ರಜೆ ಹತ್ತಿರವಾದಂತೆ ಅಲ್ ಥುಮಾಮಾದ ನಮ್ಮ ಕನ್ನಡ ಮನೆಗಳಲ್ಲಿ ಎರಡು ಲೆಕ್ಕಾಚಾರ ಶುರುವಾಗುತ್ತದೆ. ಒಂದು ಊರಿನ ಟಿಕೆಟ್ಟಿನದು, ಇನ್ನೊಂದು ಮಗನಿಗೋ ಮಗಳಿಗೋ ಕೊಳ್ಳಬೇಕಾದ ಲ್ಯಾಪ್‌ಟಾಪಿನದು. ಅಂಗಡಿಗೆ ಹೋದರೆ ಪ್ರೊಸೆಸರಿನ ಹೆಸರು, ಪರದೆಯ ಅಳತೆ, ಬಣ್ಣ, ಬ್ಯಾಗು ಎಲ್ಲದರ ವಿವರವೂ ಸಿಗುತ್ತದೆ. ‘ಇದರಲ್ಲಿ ಕನ್ನಡ ಬರೆಯುವುದು ಹೇಗೆ?’ ಎಂದು ಕೇಳಿದರೆ ಮಾತ್ರ ಅಂಗಡಿಯಾತ ನಮ್ಮ ಮುಖ ನೋಡುತ್ತಾನೆ. ಈ ಪ್ರಶ್ನೆಯನ್ನು ಸಂಘದ ಸದಸ್ಯರು ಪದೇ ಪದೇ ಕೇಳುತ್ತಿರುವುದರಿಂದ, ಬಿಟ್ಟಿಯಾಗಿ ಸಿಗುವ ಕನ್ನಡ ತಂತ್ರಾಂಶಗಳನ್ನೂ ಅವುಗಳಿಗೆ ಒಪ್ಪುವ ಲ್ಯಾಪ್‌ಟಾಪುಗಳನ್ನೂ ಒಟ್ಟಿಗೆ ತೂಗಿ ನೋಡಿದ್ದೇವೆ.

ತೂಗಲು ನಾವು ಇಟ್ಟುಕೊಂಡ ಕಲ್ಲು ಒಂದೇ. ಇವತ್ತು ಬರೆದ ಕನ್ನಡ ಇಪ್ಪತ್ತು ವರ್ಷಗಳ ನಂತರ, ಬೇರೊಬ್ಬರ ಯಂತ್ರದಲ್ಲಿ, ಕನ್ನಡವಾಗಿಯೇ ತೆರೆದುಕೊಳ್ಳಬೇಕು. ವೇಗ, ಅಂದ, ಬೆಲೆ ಇವೆಲ್ಲ ಆಮೇಲಿನ ಮಾತು.

ಕಡತದೊಳಗೆ ಏನಿದೆ?

ಇದೇನು ದೊಡ್ಡ ವಿಷಯ ಎನ್ನುವವರು ನಮ್ಮ ವಾರ್ತಾಪತ್ರದ ಹಳೆಯ ಸಂಚಿಕೆಗಳನ್ನು ನೋಡಬಹುದು. ಜೆರಾಕ್ಸ್ ಪ್ರತಿಗಳು ಸ್ವಲ್ಪ ಹಳದಿಯಾಗಿವೆ, ಆದರೆ ಓದಲು ಬರುತ್ತವೆ. ಅದೇ ಸಂಚಿಕೆಗಳ ಕಂಪ್ಯೂಟರ್ ಕಡತಗಳನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಗುರುತುಗಳೂ ಕಾಣುತ್ತವೆ.

ಕಾರಣ ಸರಳ. ಆ ಕಾಲದ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಆದ್ದರಿಂದ ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬರೆದಿಟ್ಟ ಅಕ್ಷರಶೈಲಿಗಳನ್ನು ಮಾಡಿಕೊಂಡರು. ಕರ್ನಾಟಕದ ಕಚೇರಿಗಳಲ್ಲಿ ಬಹಳ ಬಳಕೆಯಾದ ಒಂದು ಸಂಕೇತ ಪದ್ಧತಿಯಲ್ಲಿ ‘ಕನ್ನಡ’ ಎಂಬ ಪದ ಕಡತದೊಳಗೆ ಕೂರುವುದು ಹೀಗೆ: ದೊಡ್ಡ ಪಿ, ತಲೆಯ ಮೇಲೆ ಓರೆಗೆರೆಯಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಗೆರೆಯ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯು, ಮತ್ತೊಮ್ಮೆ ಗೆರೆಯ ಎ. ಆ ಎ ಎಂಬುದೇ ನಮ್ಮ ತಲೆಕಟ್ಟು. ಜರ್ಮನ್ ಅಕ್ಷರವೇ ನ-ಒತ್ತು. ಅಕ್ಷರಶೈಲಿ ಯಂತ್ರದಲ್ಲಿ ಇದ್ದರೆ ಅದು ಕನ್ನಡ, ಇಲ್ಲದಿದ್ದರೆ ಗೊಂದಲ. ಹುಡುಕಲು ಹೋದರೂ ಪದ ಸಿಗದು, ಏಕೆಂದರೆ ಕಡತದೊಳಗೆ ಕನ್ನಡವೇ ಇಲ್ಲ.

ಯುನಿಕೋಡ್ ಈ ಫಜೀತಿಯನ್ನು ತಪ್ಪಿಸಿತು. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ಸ್ವಂತ ಜಾಗವಿದೆ, ಒಟ್ಟು 128 ಮನೆಗಳು. ಅಲ್ಲಿ ‘ಕನ್ನಡ’ ಎಂದರೆ ಕ, ನ, ಅರ್ಧಾಕ್ಷರ ಮಾಡುವ ಗುರುತು, ನ, ಡ ಎಂಬ ಐದು ಸಂಕೇತಗಳು. ಒತ್ತು ಬರೆದು ತೋರಿಸುವುದು ಮಾತ್ರ ಅಕ್ಷರಶೈಲಿಯ ಕೆಲಸ. ಅಕ್ಷರಶೈಲಿ ಬದಲಾದರೂ ಕನ್ನಡ ಬದಲಾಗದು. ಆದರೆ ಕನ್ನಡಕ್ಕೆ ಇದು ಮನೆಮನೆಯ ಕಂಪ್ಯೂಟರಿನಲ್ಲಿ ಸಿಕ್ಕಿದ್ದು 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ನಂತರ. ಅಲ್ಲಿಯವರೆಗೆ, ಅದಾದ ಮೇಲೂ ಬಹಳ ವರ್ಷ, ನಾವೆಲ್ಲ ಹಳೆಯ ಪದ್ಧತಿಯಲ್ಲೇ ಬರೆದೆವು.

ಬರಹ

ಹೊರದೇಶದ ಕನ್ನಡಿಗರ ಕಂಪ್ಯೂಟರಿಗೆ ಕನ್ನಡ ತಂದುಕೊಟ್ಟ ದೊಡ್ಡ ಉಪಕಾರ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ದ್ದು. 1998ರಲ್ಲಿ ಬಂದ ಈ ತಂತ್ರಾಂಶವನ್ನು ಅವರು ಬಹಳ ವರ್ಷ ಉಚಿತವಾಗಿಯೇ ಹಂಚಿದರು. ಇದರ ಗುಣ ಸುಲಭತೆ. ಇಂಗ್ಲಿಷ್ ಬೆರಳಚ್ಚು ಬಂದವರು ಉಚ್ಚಾರದಂತೆ ಒತ್ತುತ್ತಾ ಹೋದರೆ ಕನ್ನಡ ಮೂಡುತ್ತದೆ. ಹತ್ತು ನಿಮಿಷದಲ್ಲಿ ಪತ್ರ ಬರೆಯಬಹುದು.

ದೋಷವೂ ಈ ಸುಲಭತೆಯಲ್ಲೇ ಇದೆ. ‘ಕನ್ನಡ’ ಎಂದು ಬರೆಯಲು ಏಳು ಕೀಲಿ ಒತ್ತಬೇಕು, ಡ ಬರಲು ಶಿಫ್ಟ್ ಬೇರೆ ಹಿಡಿಯಬೇಕು. ಅದಕ್ಕಿಂತ ಮುಖ್ಯವಾಗಿ, ಬರೆಯುವವನ ಮನಸ್ಸಿನಲ್ಲಿ ಪದ ಮೊದಲು ಇಂಗ್ಲಿಷ್ ಕಾಗುಣಿತದಲ್ಲಿ ಮೂಡಿ ಆಮೇಲೆ ಕನ್ನಡವಾಗುತ್ತದೆ. ಊರಿನಲ್ಲಿ ಓದಿ ಬಂದ ನಮಗೆ ಇದರಿಂದ ನಷ್ಟವಿಲ್ಲ. ಮನೆಯಲ್ಲಷ್ಟೇ ಕನ್ನಡ ಕಲಿಯುತ್ತಿರುವ ನಮ್ಮ ಮಕ್ಕಳಿಗೆ ಲ ಮತ್ತು ಳ, ನ ಮತ್ತು ಣ ಬೇರೆ ಬೇರೆ ಅಕ್ಷರಗಳೆಂದು ಮನಸ್ಸಿಗೆ ಹತ್ತುವ ಮೊದಲೇ ಅವು ಇಂಗ್ಲಿಷಿನ ಸಣ್ಣಕ್ಷರ, ದೊಡ್ಡಕ್ಷರಗಳಾಗಿಬಿಡುತ್ತವೆ. ಬರಹದ ನಂತರದ ಆವೃತ್ತಿಗಳಿಗೆ ಬೆಲೆಯೂ ಬಂತು. ದುಡಿದವರು ಕೂಲಿ ಕೇಳಿದ್ದರಲ್ಲಿ ನಮಗೇನೂ ತಪ್ಪು ಕಾಣುವುದಿಲ್ಲ. ಆದರೆ ಒಂದು ಪಾಠವಿದೆ: ಇಂದು ಬಿಟ್ಟಿ ಎಂದ ಮಾತ್ರಕ್ಕೆ ನಾಳೆಯೂ ಬಿಟ್ಟಿ ಎಂದು ನಂಬುವಂತಿಲ್ಲ.

ನುಡಿ

ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರದ ನೆರವಿನಿಂದ ರೂಪಿಸಿದ ‘ನುಡಿ’ ಉಚಿತ. ಅದರ ನಿಜವಾದ ಸಂಪತ್ತು ಕೀಲಿಮಣೆಯ ವಿನ್ಯಾಸ. ಇದು ಮೂಲತಃ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕಲ್ಪನೆ. ವ್ಯಂಜನದ ಕೀಲಿ ಒತ್ತಿದರೆ ಅಕ್ಷರ, ಅದರ ಮೇಲೆ ಸ್ವರದ ಕೀಲಿ ಒತ್ತಿದರೆ ಕಾಗುಣಿತ, ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿ. ‘ಕನ್ನಡ’ಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯು, ಐದೇ ಕೀಲಿ. ಯುನಿಕೋಡ್‌ನಲ್ಲಿ ಆ ಪದಕ್ಕಿರುವ ಸಂಕೇತಗಳೂ ಐದೇ ಎಂಬುದನ್ನು ಗಮನಿಸಿ. ಕನ್ನಡ ಲಿಪಿ ಹೇಗೆ ಕಟ್ಟಿಕೊಂಡಿದೆಯೋ ಹಾಗೆಯೇ ಬೆರಳು ನಡೆಯುತ್ತದೆ. ಟ ಮತ್ತು ಡ ಎಲ್ಲಿವೆ ಎಂದು ಮೊದಲ ವಾರ ಹುಡುಕಬೇಕಾಗುತ್ತದೆ, ಅಷ್ಟೇ. ಆಮೇಲೆ ಮಗ್ಗಿ ಬಂದಂತೆ ಬರುತ್ತದೆ. ಮಕ್ಕಳಿಗೆ ಕಲಿಸುವುದಾದರೆ ಇದನ್ನೇ ಕಲಿಸಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ನುಡಿಯ ಇತ್ತೀಚಿನ ಆವೃತ್ತಿಗಳು ಯುನಿಕೋಡ್‌ನಲ್ಲಿಯೂ ಬರೆಯುತ್ತವೆ, ಹಳೆಯ ಬರವಣಿಗೆಯನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕವೂ ಇದೆ. ಆದರೆ ನುಡಿ ಬೆಳೆದದ್ದು ವಿಂಡೋಸಿನ ಅಂಗಳದಲ್ಲಿ. ಆಪಲ್ ಕಂಪ್ಯೂಟರ್ ಕೊಂಡವರಿಗೆ ಅದು ಒದಗದು. ಇನ್ನೊಂದು ಎಚ್ಚರಿಕೆ: ಅದರಲ್ಲಿ ಹಳೆಯ ಪದ್ಧತಿ ಮತ್ತು ಯುನಿಕೋಡ್ ಎರಡೂ ಇರುವುದರಿಂದ, ಯಾವುದರಲ್ಲಿ ಬರೆಯುತ್ತಿದ್ದೇವೆ ಎಂದು ನೋಡಿಕೊಂಡು ಶುರುಮಾಡಬೇಕು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ.

ಮುಕ್ತ ತಂತ್ರಾಂಶ

ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬ ಗಾದೆ ನಮ್ಮಲ್ಲಿದೆ. ಆದರೆ ಉಚಿತ ಬೇರೆ, ಮುಕ್ತ ಬೇರೆ. ಉಚಿತ ಎಂದರೆ ಹಣ ಕೊಡಬೇಕಿಲ್ಲ. ಮುಕ್ತ ಎಂದರೆ ಅದರ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಮಾಡಿದವರು ಕೈಬಿಟ್ಟರೂ ಇನ್ನೊಬ್ಬರು ಎತ್ತಿಕೊಳ್ಳಬಹುದು. 2010ರಲ್ಲಿ ಓಪನ್‌ಆಫೀಸಿನಿಂದ ಕವಲೊಡೆದು ಬಂದ ‘ಲಿಬ್ರೆ ಆಫೀಸ್’ ಹೀಗೆಯೇ ಉಳಿದದ್ದು. ಅದು ವಿಂಡೋಸ್, ಆಪಲ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಪತ್ರ, ಲೆಕ್ಕಪತ್ರ, ರಾಜ್ಯೋತ್ಸವದ ಆಹ್ವಾನ, ನಮ್ಮ ಈ ವಾರ್ತಾಪತ್ರ ಯಾವುದಕ್ಕೂ ಸಾಕು.

ಅದರ ಕೊರತೆ ಕಾಗುಣಿತ ಪರೀಕ್ಷೆಯಲ್ಲಿ. ‘ಮನೆ’ಯನ್ನು ಒಪ್ಪುವ ಯಂತ್ರ ‘ಮನೆಯವರಿಂದಲೇ’ ಎಂದರೆ ಕೆಂಪು ಗೆರೆ ಎಳೆಯಬಹುದು. ಕನ್ನಡದಲ್ಲಿ ಪ್ರತ್ಯಯದ ಮೇಲೆ ಪ್ರತ್ಯಯ ಸೇರಿ ಒಂದೊಂದು ಪದಕ್ಕೂ ನೂರಾರು ರೂಪಗಳು. ಎಲ್ಲವನ್ನೂ ಪಟ್ಟಿ ಮಾಡುವುದು ಅಸಾಧ್ಯ. ಆದ್ದರಿಂದ ಕೆಂಪು ಗೆರೆಗೆ ಹೆದರಬೇಡಿ, ಗೆರೆ ಇಲ್ಲವೆಂದು ಬೀಗಲೂ ಬೇಡಿ. ಕರಡು ತಿದ್ದುವ ಕೆಲಸ ಇನ್ನೂ ಮನುಷ್ಯರದ್ದೇ.

ಸದಸ್ಯರಿಗೆ ಅಚ್ಚರಿ ತರುವ ಸಂಗತಿ ಲಿನಕ್ಸಿನಲ್ಲಿದೆ. ಅದರ ಕೀಲಿಮಣೆ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕಗಪ’ ಎಂಬ ಹೆಸರು ಕಾಣುತ್ತದೆ. ಅದು ಕನ್ನಡ ಗಣಕ ಪರಿಷತ್ತಿನ ಹ್ರಸ್ವರೂಪ. ನುಡಿಯ ವಿನ್ಯಾಸವೇ ಅಲ್ಲಿ ಮೊದಲೇ ಸೇರಿದೆ, ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ. ಅಕ್ಷರಶೈಲಿಗಳಿಗೂ ಬರವಿಲ್ಲ. ‘ಲೋಹಿತ್’, ‘ಗುಬ್ಬಿ’, ‘ನವಿಲು’ ಮುಕ್ತವಾಗಿ ಸಿಗುತ್ತವೆ. ಗೂಗಲಿನ ‘ನೋಟೊ’ ಜೆರಾಕ್ಸಿನಲ್ಲೂ ಒತ್ತುಗಳನ್ನು ಕಳೆದುಕೊಳ್ಳುವುದಿಲ್ಲ. ನಾಟಕದ ಧ್ವನಿಮುದ್ರಣಕ್ಕೆ ‘ಆಡಾಸಿಟಿ’, ಯಾವ ವೀಡಿಯೊ ಬೇಕಾದರೂ ನೋಡಲು ‘ವಿಎಲ್‌ಸಿ’, ಚಿತ್ರ ತಿದ್ದಲು ‘ಗಿಂಪ್’ ನಮ್ಮ ಮೆಚ್ಚಿನವು. ಇವುಗಳ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ.

ವಿಂಡೋಸಿನಲ್ಲೇ ಇರುವವರು ಗಾಬರಿಯಾಗಬೇಕಿಲ್ಲ. ಅದರಲ್ಲಿ ಇನ್‌ಸ್ಕ್ರಿಪ್ಟ್ ಕೀಲಿಮಣೆ ಮೊದಲಿನಿಂದ ಇದೆ, 2019ರಿಂದ ಉಚ್ಚಾರದ ಕೀಲಿಮಣೆಯೂ ಸೇರಿದೆ. ಎರಡೂ ಯುನಿಕೋಡ್.

ಹಾಗಾದರೆ ಯಾವ ಲ್ಯಾಪ್‌ಟಾಪ್?

ಮೇಲಿನದನ್ನು ಒಪ್ಪಿದರೆ ಅರ್ಧ ಆಯ್ಕೆ ತಾನಾಗಿಯೇ ಮುಗಿಯುತ್ತದೆ. ಕನ್ನಡ ಬರೆಯಲು ದುಬಾರಿ ಯಂತ್ರ ಬೇಡ. 8 ಜಿಬಿ ರ‍್ಯಾಮ್, 256 ಜಿಬಿ ಎಸ್ಎಸ್‌ಡಿ ಮನೆಬಳಕೆಗೆ ಸಾಲುತ್ತದೆ. ಎಂಜಿನಿಯರಿಂಗ್ ಸೇರುವ ಮಕ್ಕಳಿಗೆ 16 ಜಿಬಿ ಇರಲಿ. ನುಡಿ ಬೇಕೇ ಬೇಕೆನ್ನುವವರು ವಿಂಡೋಸ್ ಯಂತ್ರ ಕೊಳ್ಳಬೇಕು. ಆಪಲಿನಲ್ಲಿ ಕನ್ನಡದ ಕೀಲಿಮಣೆಯೂ ಅಕ್ಷರಶೈಲಿಯೂ ಜೊತೆಗೇ ಬರುತ್ತವೆ, ಬ್ಯಾಟರಿಯೂ ಒಳ್ಳೆಯದು. ಬೆಲೆ ನೋಡಿ ಹಾಸಿಗೆ ಇದ್ದಷ್ಟು ಕಾಲು ಚಾಚುವುದು ನಿಮಗೆ ಬಿಟ್ಟದ್ದು. ಕ್ರೋಮ್‌ಬುಕ್ ಅಗ್ಗ, ಆದರೆ ವಿಂಡೋಸಿನ ಕನ್ನಡ ತಂತ್ರಾಂಶಗಳು ಅದರಲ್ಲಿ ನೇರವಾಗಿ ನಡೆಯುವುದಿಲ್ಲ.

ಪರದೆಯಲ್ಲಿ ಜಿಪುಣತನ ಮಾಡಬೇಡಿ. 1366ಕ್ಕೆ 768 ಚುಕ್ಕೆಗಳ ಅಗ್ಗದ ಪರದೆಯಲ್ಲಿ ಇಂಗ್ಲಿಷ್ ಚೆನ್ನಾಗಿಯೇ ಕಾಣುತ್ತದೆ. ಕನ್ನಡದ ಒತ್ತಕ್ಷರಗಳು ಮಾತ್ರ ಸಾಲಿನ ಕೆಳಗೆ ಕಪ್ಪು ಮುದ್ದೆಯಾಗುತ್ತವೆ. 1920ಕ್ಕೆ 1080 ಇರಲಿ. ಶಿಫ್ಟ್ ಕೀಲಿ ಅಗಲವಾಗಿದೆಯೇ ನೋಡಿ. ಖ, ಘ, ಣ, ಳ ಎಲ್ಲಕ್ಕೂ ಅದನ್ನೇ ಹಿಡಿಯಬೇಕು. ಇಲ್ಲಿ ಮಾರುವ ಯಂತ್ರಗಳ ಕೀಲಿಗಳ ಮೇಲೆ ಅರಬ್ಬಿ ಅಕ್ಷರಗಳೂ ಇರುವುದುಂಟು. ಅದರಿಂದ ಕನ್ನಡಕ್ಕೆ ಯಾವ ಅಡ್ಡಿಯೂ ಇಲ್ಲ. ಹಣ ಕೊಡುವ ಮೊದಲು ಅಂಗಡಿಯಲ್ಲೇ ಕನ್ನಡ ಕೀಲಿಮಣೆ ಸೇರಿಸಿ ‘ಜ್ಞಾನ’, ‘ರಾಷ್ಟ್ರ’, ‘ಅರ್ಥ’ ಬರೆದು ನೋಡಿ.

ಊರಿಗೆ ಒಯ್ಯುವವರು ಇನ್ನೆರಡು ವಿಷಯ ವಿಚಾರಿಸಬೇಕು. ವಾರಂಟಿ ಭಾರತದಲ್ಲೂ ನಡೆಯುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಇಲ್ಲಿನ ಚೌಕ ಕಾಲಿನ ಮೂರು ಪಿನ್ನಿನ ಪ್ಲಗ್ ಊರಿನ ಸಾಕೆಟ್ಟಿಗೆ ಹೋಗದು, ಬೇರೆ ವೈರು ಇಟ್ಟುಕೊಳ್ಳಿ. 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ಭಾರತಕ್ಕೆ ಒಯ್ಯಬಹುದು.

ನಮ್ಮ ಬಿಸಿಲನ್ನೂ ಮರೆಯಬೇಡಿ. ಆಪಲ್ ತನ್ನ ಲ್ಯಾಪ್‌ಟಾಪುಗಳನ್ನು 10ರಿಂದ 35 ಡಿಗ್ರಿ ಉಷ್ಣತೆಯಲ್ಲಿ ಬಳಸಲು ಹೇಳುತ್ತದೆ. ಇಲ್ಲಿ ಜುಲೈ ತಿಂಗಳ ಮಧ್ಯಾಹ್ನ ನೆರಳಿನಲ್ಲೇ ಅದನ್ನು ಮೀರುತ್ತದೆ. ಕ್ರೀಡಾಂಗಣದ ಬಳಿ ಕಾರು ನಿಲ್ಲಿಸಿ ಮಕ್ಕಳೊಂದಿಗೆ ಅಡ್ಡಾಡಲು ಹೋಗುವವರು ಯಂತ್ರವನ್ನು ಸೀಟಿನ ಮೇಲೆ ಬಿಟ್ಟು ಹೋದರೆ ಮೊದಲು ಸಾಯುವುದು ಬ್ಯಾಟರಿ.

ಹಳೆಯದನ್ನು ಎಸೆಯುವ ಮುನ್ನ

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಯಂತ್ರದಲ್ಲಿರಬೇಕು. ಅದಿಲ್ಲದ ಹಳೆಯ ಲ್ಯಾಪ್‌ಟಾಪುಗಳು ಎಷ್ಟೋ ಮನೆಗಳ ಅಟ್ಟ ಸೇರಿವೆ. ಅವುಗಳಲ್ಲಿ ಅನೇಕಕ್ಕೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಬಹುದು. ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ, ಹಿಡಿಸಿದರೆ ಹಾಕಿಕೊಳ್ಳಿ. ಮಕ್ಕಳಿಗೆ ಕಗಪ ಕಲಿಸಲು ಅಂಥ ಯಂತ್ರಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ. ಎಸೆಯಲೇಬೇಕಾದರೆ, ಅದರೊಳಗಿನ ಕನ್ನಡ ಕಡತಗಳನ್ನೂ ಅವುಗಳ ಅಕ್ಷರಶೈಲಿಗಳನ್ನೂ ತೆಗೆದಿಟ್ಟು ಎಸೆಯಿರಿ. ಪರಿವರ್ತಕಕ್ಕೆ ಮೂಲ ಪದ್ಧತಿ ಯಾವುದೆಂದು ತಿಳಿಯಬೇಕು. ಅಕ್ಷರಶೈಲಿಯ ಹೆಸರೇ ಅದರ ಸುಳಿವು.

ಒಟ್ಟಿನಲ್ಲಿ ನಮ್ಮ ತೀರ್ಪು ಇದು. ಕೀಲಿಮಣೆಗೆ ಕೆ.ಪಿ. ರಾವ್ ಅವರ ವಿನ್ಯಾಸ, ಸಂಕೇತಕ್ಕೆ ಯುನಿಕೋಡ್, ಬರೆಯಲು ಲಿಬ್ರೆ ಆಫೀಸ್, ಯಂತ್ರ ಸಾಧಾರಣವಾದರೂ ಪರದೆ ಒಳ್ಳೆಯದು. ಬರಹ ಅಭ್ಯಾಸವಾದವರು ಅದನ್ನೇ ಬಳಸಲಿ, ಉಳಿಸುವಾಗ ಯುನಿಕೋಡ್ ಆರಿಸಿಕೊಳ್ಳಲಿ.

ಸಂಘದ ಹಳೆಯ ಸಂಚಿಕೆಗಳನ್ನು ಯುನಿಕೋಡ್‌ಗೆ ಬದಲಿಸುವ ಕೆಲಸ ಶುರುವಾಗಿದೆ. ಪರಿವರ್ತಿಸಿದ ಪುಟಗಳನ್ನು ಜೆರಾಕ್ಸ್ ಪ್ರತಿಯೊಂದಿಗೆ ಹೋಲಿಸಿ ಓದಲು ಕಣ್ಣುಗಳು ಬೇಕಾಗಿವೆ. ವಾರಕ್ಕೆ ಒಂದು ಗಂಟೆ ಕೊಡಬಲ್ಲ ಹಿರಿಯರೂ ತಾಯಂದಿರೂ ಮುಂದಿನ ಸಭೆಯಲ್ಲಿ ಸಂಪಾದಕ ಮಂಡಳಿಯನ್ನು ಕಾಣಬೇಕೆಂದು ಕೋರುತ್ತೇವೆ. ಹಳೆಯ ಸಂಚಿಕೆಗಳ ಪ್ರತಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಇನ್ನು ಮುಂದೆ ಲೇಖನ ಕಳುಹಿಸುವವರು ಯುನಿಕೋಡ್‌ನಲ್ಲಿಯೇ ಕಳುಹಿಸಬೇಕಾಗಿ ವಿನಂತಿ. ಕೈಬರಹದಲ್ಲಿ ಕೊಡುವವರ ಲೇಖನಗಳಿಗೂ ಎಂದಿನಂತೆ ಸ್ವಾಗತ.