ತಾಯಂದಿರಿಗೂ ರಜೆ ಕೊಟ್ಟ ಶಿಬಿರ

ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನ ಕಡಲತಡಿಯಲ್ಲಿ ತುಂಬಿ ತುಳುಕಿದ ರಜಾ ಶಿಬಿರಗಳನ್ನು ಸುಶಿಕ್ಷಿತರು ಮೆಚ್ಚಿದ್ದು ಕಡಿಮೆ. ಧ್ವನಿವರ್ಧಕ ಕೂಗಿದಾಗ ಏಳಬೇಕು, ಸಾವಿರಾರು ಜನರ ಪಂಕ್ತಿಯಲ್ಲಿ ಉಣ್ಣಬೇಕು, ಕೆಂಪು ಕೋಟಿನ ಸಿಬ್ಬಂದಿ ಹುರಿದುಂಬಿಸಿದಂತೆ ನಲಿಯಬೇಕು. ಇದೆಂಥ ಬಿಡುವು ಎಂಬುದು ಅವರ ಆಕ್ಷೇಪ. ಬಿಲ್ಲಿ ಬಟ್ಲಿನ್ 1936ರಲ್ಲಿ ಸ್ಕೆಗ್ನೆಸ್‌ನಲ್ಲಿ ತೆರೆದ ಮೊದಲ ಶಿಬಿರ ಯುದ್ಧಕಾಲದಲ್ಲಿ ನೌಕಾಪಡೆಯ ತರಬೇತಿ ನೆಲೆಯೂ ಆಗಿತ್ತು. ಹಾಗಾಗಿ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಅದು ಮನೆಯಲ್ಲಿ ಆಳುಕಾಳಿದ್ದವರ ಅಳತೆಗೋಲು.

ಕಾರ್ಮಿಕ ಕುಟುಂಬಕ್ಕೆ ಮೊದಲಿದ್ದ ದಾರಿ ನೋಡಿ. ಸಂಬಳಸಹಿತ ರಜೆಯ ಕಾನೂನು 1938ರಲ್ಲೇ ಬಂದರೂ ಅದರ ಫಲ ಜನರ ಕೈಗೆ ನಿಜವಾಗಿ ದಕ್ಕಿದ್ದು ಯುದ್ಧ ಮುಗಿದ ಮೇಲೆ. ಲ್ಯಾಂಕಶೈರಿನ ಗಿರಣಿಗಳು ಬಾಗಿಲು ಹಾಕುತ್ತಿದ್ದ ವಾರದಲ್ಲಿ ಊರಿಗೆ ಊರೇ ಕಡಲತಡಿಯ ಬ್ಲ್ಯಾಕ್‌ಪೂಲಿನ ರೈಲು ಹತ್ತುತ್ತಿತ್ತು. ಅಲ್ಲಿನ ಎಷ್ಟೋ ವಸತಿಗೃಹಗಳಲ್ಲಿ ಬೆಳಗಿನ ತಿಂಡಿ ಮುಗಿದರೆ ಹೊರಗೆ ನಡೆಯಬೇಕು. ಮಳೆ ಬಂದರೆ ಕೂಸನ್ನೆತ್ತಿಕೊಂಡು ನೆರಳು ಹುಡುಕುವ ಪಾಡು ತಾಯಿಯದು. ರಜೆ ಅಪ್ಪನಿಗಿತ್ತು, ಮಕ್ಕಳಿಗಿತ್ತು. ಆಕೆಗೆ ಮಾತ್ರ ದುಡಿಯುವ ಜಾಗ ಬದಲಾಗುತ್ತಿತ್ತು.

ಶಿಬಿರ ಮುರಿದದ್ದು ಈ ಕಟ್ಟಳೆಯನ್ನು. ಒಂದು ವಾರದ ಸಂಬಳಕ್ಕೆ ಒಂದು ವಾರದ ರಜೆ ಎಂದು ಬಟ್ಲಿನ್ ಸಾರಿದ. ಅದೇ ಹಣದಲ್ಲಿ ಮೂರು ಹೊತ್ತಿನ ಊಟ, ಈಜುಕೊಳ, ನಾಟಕ, ನೃತ್ಯ ಎಲ್ಲವೂ ಸೇರಿದ್ದವು. ಹಗಲು ಮಕ್ಕಳನ್ನು ನೋಡಿಕೊಳ್ಳುವವರಿದ್ದರು; ರಾತ್ರಿ ಕೊಠಡಿಗಳ ಸಾಲಿನಲ್ಲಿ ಗಸ್ತು ತಿರುಗಿ, ಯಾವ ಮಗು ಅತ್ತರೂ ಸಭಾಂಗಣದಲ್ಲಿದ್ದ ಹೆತ್ತವರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಪಡಿತರ ಚೀಟಿ ಹಿಡಿದು ಸರದಿಯಲ್ಲಿ ನಿಂತು ಬೇಸತ್ತ ಹೆಂಗಸಿಗೆ, ಇನ್ನೊಬ್ಬರು ಬೇಯಿಸಿ ಬಡಿಸಿದ ಅನ್ನಕ್ಕಿಂತ ದೊಡ್ಡ ಸ್ವಾತಂತ್ರ್ಯ ಯಾವುದು? ಗಂಡನ ಕೈಹಿಡಿದು ಕುಣಿಯಲು ಸಿಕ್ಕ ಸಂಜೆಯನ್ನು ಕವಾಯತು ಎಂದು ಕರೆಯುವುದು ಅನ್ಯಾಯ.

ಶಿಬಿರದ ನಿಜವಾದ ದೋಷ ಬೇರೆಡೆ ಇದೆ. ಎಲ್ಲವೂ ಬೇಲಿಯೊಳಗೇ ಸಿಕ್ಕಿದ್ದರಿಂದ ಆಚೆಯ ಊರು, ಅದರ ಅಂಗಡಿ, ಅದರ ಜನ ಅತಿಥಿಗಳಿಗೆ ಅಪರಿಚಿತವಾಗಿಯೇ ಉಳಿದವು. ಇದಕ್ಕಿಂತ ದೊಡ್ಡ ತಪ್ಪು ಆಮೇಲೆ ನಡೆಯಿತು: ಖರ್ಚು ತಗ್ಗಿಸಲು ಅತಿಥಿಗಳೇ ಅಡುಗೆ ಮಾಡಿಕೊಳ್ಳುವ ಕೊಠಡಿಗಳು ಬಂದವು. ಒಲೆ ಮತ್ತೆ ಆಕೆಯ ಪಾಲಾಯಿತು.

ಅಷ್ಟರಲ್ಲಿ ವಿಮಾನ ಬೇರೆ ದಾರಿ ತೆರೆದಿತ್ತು. 1950ರಲ್ಲಿ ವ್ಲಾಡಿಮಿರ್ ರೈಟ್ಸ್ 32 ಪೌಂಡ್ 10 ಷಿಲಿಂಗ್‌ಗೆ ಊಟ-ವಸತಿ ಸಹಿತ ಕಾರ್ಸಿಕಾ ಪ್ರವಾಸ ಹೊರಡಿಸಿದ; ಮುಂದೆ ಸ್ಪೇನಿನ ಬೆನಿಡಾರ್ಮ್ ಕಾರ್ಮಿಕರ ಕಡಲತಡಿಯಾಯಿತು. ಬಟ್ಲಿನ್ನನ ಫೈಲಿ, ಕ್ಲ್ಯಾಕ್ಟನ್ ಶಿಬಿರಗಳು 1983ರಲ್ಲಿ ಮುಚ್ಚಿದವು. ಬಿಸಿಲು ಗೆದ್ದಿತೆಂದು ಎಲ್ಲರೂ ಹೇಳುತ್ತಾರೆ, ಅದು ಸರಿಯೇ. ಆದರೆ ಬಿಸಿಲಿನ ಜೊತೆ ಸ್ಪೇನಿನ ಹೋಟೆಲು ಕೊಟ್ಟದ್ದು ಬಟ್ಲಿನ್ನನ ಹಳೆಯ ಸೂತ್ರವನ್ನೇ: ಮೊದಲೇ ಕಟ್ಟಿದ ಹಣ, ಬಡಿಸಿಟ್ಟ ಊಟ. ಶಿಬಿರಗಳು ಸೋತರೂ ಅವು ಕಲಿಸಿದ ಪಾಠ ಸೋಲಲಿಲ್ಲ. ಯಾವುದೇ ಪ್ರವಾಸವನ್ನು ತೂಗುವಾಗ ನೋಟದ ಸೊಬಗಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದಣಿದವರಿಗೆ ಅಲ್ಲಿ ವಿಶ್ರಾಂತಿ ಸಿಕ್ಕಿತೇ ಎಂಬುದು.