ಸೆಟ್, ಒಂದು, ಎರಡು: ಚಾಲಕಾಸನದ ನೆನಪಿಗೊಂದು ವ್ಯಾಖ್ಯಾನ

ನೆನಪುಳ್ಳ ಆಸನವಿರುವ ಕಾರುಗಳ ಕೈಪಿಡಿಗಳು ಹೇಳುವ ಮಾತಿನ ಸಾರ ಇಷ್ಟು: ‘ಆಸನವನ್ನೂ ಸ್ಟೇರಿಂಗನ್ನೂ ಕನ್ನಡಿಗಳನ್ನೂ ನಿಮಗೆ ಒಗ್ಗುವಂತೆ ಹೊಂದಿಸಿ. ಸೆಟ್ ಗುಂಡಿಯನ್ನೊತ್ತಿ, ಬಳಿಕ ಅಂಕೆಯನ್ನೊತ್ತಿ. ಮುಂದೆ ಅದೇ ಅಂಕೆಯನ್ನೊತ್ತಿದರೆ ಎಲ್ಲವೂ ಆ ಸ್ಥಾನಕ್ಕೆ ಮರಳುವುವು. ವಾಹನ ನಿಂತಿರಬೇಕು.’ ನಾಲ್ಕೇ ವಾಕ್ಯಗಳ ಮೂಲವಿದು. ಓದುವುದಕ್ಕೆ ಸುಲಭವಾಗಿದ್ದರೂ ಪ್ರತಿಯೊಂದು ಪದದ ಹಿಂದೆಯೂ ಒಂದು ಯಂತ್ರ ಅಡಗಿದೆ. ಅದನ್ನು ಕ್ರಮವಾಗಿ ಬಿಡಿಸುವುದೇ ಈ ಬರಹದ ಪ್ರಯೋಜನ.

‘ನಿಮಗೆ’ ಎಂಬ ಪದವನ್ನು ಮೊದಲು ನೋಡತಕ್ಕದ್ದು. ಒಂದು ಕಾರನ್ನು ಒಬ್ಬನೇ ಓಡಿಸುವುದಾದರೆ ನೆನಪಿನ ಪ್ರಸಕ್ತಿಯೇ ಇಲ್ಲ. ಒಮ್ಮೆ ಹೊಂದಿಸಿದರೆ ಮುಗಿಯಿತು. ಹಾತಕಣಂಗಲೆ ತಾಲೂಕಿನ ಹುಪರಿಯಲ್ಲಿ ಬೆಳ್ಳಿಯ ವ್ಯಾಪಾರವುಳ್ಳ ಒಂದು ಕನ್ನಡದ ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬೆಳಿಗ್ಗೆ ಎತ್ತರದ ಆಳಾದ ಅಪ್ಪ ಕೊಲ್ಹಾಪುರದ ಪೇಟೆಗೆ ಕಾರು ಒಯ್ಯುತ್ತಾನೆ. ಮಧ್ಯಾಹ್ನ ಗಿಡ್ಡನೆಯ ಮಗಳು ಅದೇ ಕಾರಿನಲ್ಲಿ ಗಡಹಿಂಗ್ಲಜದ ಅತ್ತೆಯ ಮನೆಗೆ ಹೊರಡುತ್ತಾಳೆ. ಅಪ್ಪನ ಆಸನದಲ್ಲಿ ಕೂತ ಮಗಳಿಗೆ ಬ್ರೇಕಿನ ಪೆಡಲ್ ನಿಲುಕದು, ಕನ್ನಡಿಯಲ್ಲಿ ಹಿಂದಿನ ದಾರಿಯ ಬದಲು ಆಕಾಶ ಕಾಣುತ್ತದೆ. ಆದ್ದರಿಂದಲೇ ಮೂಲದಲ್ಲಿ ಅಂಕೆಗಳು ಒಂದಕ್ಕಿಂತ ಹೆಚ್ಚು. ಒಂದು ಅಪ್ಪನದು, ಎರಡು ಮಗಳದು.

‘ಆಸನವನ್ನು ಹೊಂದಿಸಿ’ ಎಂಬಲ್ಲಿ ಆಸನವೆಂದರೆ ಮೆತ್ತೆಯಲ್ಲ. ಮೆತ್ತೆಯ ಅಡಿಯಲ್ಲಿರುವ ಚೌಕಟ್ಟು, ಹಳಿ ಮತ್ತು ಮೋಟರುಗಳು. ಹಿಂದೆ ಮುಂದೆ ಸರಿಸಲು ಒಂದು ಮೋಟರು, ಬೆನ್ನನ್ನು ಒರಗಿಸಲು ಇನ್ನೊಂದು, ಆಸನದ ಮುಂತುದಿಯನ್ನೂ ಹಿಂತುದಿಯನ್ನೂ ಏರಿಸಿ ಇಳಿಸಲು ಮತ್ತೊಂದು ಅಥವಾ ಮತ್ತೆರಡು. ಪ್ರತಿ ಮೋಟರಿಗೂ ಎರಡು ತಂತಿ. ಅವುಗಳ ಧನ ಋಣಗಳನ್ನು ಅದಲುಬದಲು ಮಾಡಿದರೆ ಮೋಟರು ತಿರುಗುಮುರುಗಾಗಿ ಸುತ್ತುತ್ತದೆ. ಮೋಟರಿನ ವೇಗ ಹೆಚ್ಚು, ಬಲ ಕಡಿಮೆ. ವರ್ಮ್ ಗೇರು, ಅಂದರೆ ತಿರುಪಿನಂಥ ದಂಡವೊಂದು ಹಲ್ಲಿನ ಚಕ್ರವನ್ನು ನಿಧಾನವಾಗಿ ತಿರುಗಿಸುವ ಜೋಡಿ, ಆ ವೇಗವನ್ನು ಇಳಿಸಿ ಬಲವನ್ನು ಏರಿಸುತ್ತದೆ. ಕೊಲ್ಹಾಪುರದ ಬಳಿಯ ಶಿರೋಲಿಯ ಮಷೀನ್ ಶಾಪುಗಳಲ್ಲಿ ಕೆಲಸ ಮಾಡುವವರಿಗೆ ಇದನ್ನು ಹೇಳಬೇಕಾದದ್ದಿಲ್ಲ. ಆದರೂ ವ್ಯಾಖ್ಯಾನಕ್ಕೆ ಯಾವುದೂ ತಾನಾಗಿ ಸಿದ್ಧವಲ್ಲ. ಈ ಜೋಡಿಯ ಇನ್ನೊಂದು ಗುಣವೇ ಇಲ್ಲಿ ಮುಖ್ಯ: ದಂಡ ಚಕ್ರವನ್ನು ತಿರುಗಿಸಬಲ್ಲದು, ಚಕ್ರ ದಂಡವನ್ನು ತಿರುಗಿಸಲಾರದು. ಹೀಗಾಗಿ ಮೋಟರಿಗೆ ಕರೆಂಟು ನಿಂತ ಮೇಲೂ ಕೂತವರ ಭಾರಕ್ಕೆ ಆಸನ ಜಾರದೆ ಇಟ್ಟಲ್ಲೇ ನಿಲ್ಲುತ್ತದೆ.

‘ಸ್ಟೇರಿಂಗನ್ನೂ’ ಎಂಬುದರ ಅರ್ಥ ಕೈಯಲ್ಲಿ ಹಿಡಿಯುವ ಚಕ್ರವಷ್ಟೇ ಅಲ್ಲ, ಅದನ್ನು ಹೊತ್ತ ಕಂಬ. ಕಂಬಕ್ಕೆ ಎರಡು ಚಲನೆ: ಕೆಳಗಿನ ತಿರುಗಣೆಯ ಸುತ್ತ ಮೇಲೆ ಕೆಳಗೆ ಬಾಗುವುದು, ಒಳಕೊಳವೆ ಹೊರಕೊಳವೆಯಲ್ಲಿ ಸರಿದು ಚಾಲಕನ ಕಡೆಗೆ ಬರುವುದು ಅಥವಾ ಹಿಂಜರಿಯುವುದು. ಕಂಬ ಹೇಗೆ ಬಾಗಿದರೂ ಚಕ್ರದ ತಿರುವು ಗಾಲಿಗಳಿಗೆ ಮುಟ್ಟಲೇಬೇಕು. ಅದಕ್ಕಾಗಿ ನಡುವಿನ ದಂಡಕ್ಕೆ ಯೂನಿವರ್ಸಲ್ ಜಾಯಿಂಟುಗಳೂ ಗೀರು ಹಲ್ಲಿನ ಜಾರುಕೂಡಿಕೆಯೂ ಇವೆ. ಎರಡು ಚಲನೆಗೂ ಒಂದೊಂದು ಮೋಟರು. ಇಲ್ಲಿ ವಾಹನಗಳಲ್ಲಿ ಭೇದವುಂಟು. ಬಿಡದಿಯಲ್ಲಿ ಜೋಡಣೆಯಾಗುವ ಟೊಯೊಟಾ ಕ್ಯಾಮ್ರಿಯಲ್ಲಿ ಆಸನ, ಕನ್ನಡಿ, ಸ್ಟೇರಿಂಗ್ ಕಂಬ ಮೂರಕ್ಕೂ ನೆನಪಿದೆ. 2021ರಲ್ಲಿ ಬಂದ ಮಹೀಂದ್ರಾ ಎಕ್ಸ್‌ಯುವಿ700ರ ಮೇಲ್ದರ್ಜೆಯ ಮಾದರಿಗಳಲ್ಲಿ ಆಸನಕ್ಕೆ ನೆನಪಿದೆ, ಕಂಬವನ್ನು ಮಾತ್ರ ಕೈಯಿಂದಲೇ ಹೊಂದಿಸಿಕೊಳ್ಳಬೇಕು.

ಆಸನಕ್ಕೆ ನೆನಪಿದ್ದರೆ ಸಾಲದೇ, ಕಂಬಕ್ಕೇಕೆ ಎಂಬ ಶಂಕೆ ಏಳಬಹುದು. ಉತ್ತರ: ಚಕ್ರದ ನಡುವೆ ಏರ್‌ಬ್ಯಾಗ್ ಇದೆ. ಅದರ ನಡುಬಿಂದುವಿಗೂ ಚಾಲಕನ ಎದೆಯೆಲುಬಿಗೂ ಕನಿಷ್ಠ 25 ಸೆಂಟಿಮೀಟರು ಅಂತರವಿರಬೇಕೆಂಬುದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಸಲಹೆ. ಕಾಲು ಪೆಡಲಿಗೆ ನಿಲುಕಲೆಂದು ಮಗಳು ಆಸನವನ್ನು ಮುಂದೆಳೆದುಕೊಂಡಾಗ ಈ ಅಂತರ ಕುಗ್ಗುತ್ತದೆ. ಆಗ ಕಂಬ ಒಳಗೆ ಸರಿದರೆ ಮಾತ್ರ ಕಾಲಿಗೂ ಎದೆಗೂ ಏಕಕಾಲಕ್ಕೆ ನ್ಯಾಯ ಸಿಗುತ್ತದೆ. ಆಸನ, ಕಂಬ, ಕನ್ನಡಿ ಮೂರು ಬೇರೆ ವಸ್ತುಗಳಾದರೂ ಕೂರುವ ಭಂಗಿ ಒಂದೇ. ಒಂದನ್ನು ನೆನೆದು ಉಳಿದುದನ್ನು ಮರೆತರೆ ಭಂಗಿ ಕೆಡುತ್ತದೆ. ಮೂಲದಲ್ಲಿ ‘ಊ’ಕಾರ ಮೂರು ಸಲ ಬಂದಿರುವುದನ್ನು ಹೀಗೆ ತಿಳಿಯತಕ್ಕದ್ದು.

‘ಕನ್ನಡಿಗಳನ್ನೂ’ ಎಂಬುದು ಸುಲಭ. ಪ್ರತಿ ಕನ್ನಡಿಯ ಹಿಂದೆ ಎರಡು ಪುಟ್ಟ ಮೋಟರುಗಳಿವೆ. ಒಂದು ಮೇಲೆ ಕೆಳಗೆ, ಒಂದು ಎಡಕ್ಕೆ ಬಲಕ್ಕೆ. ಕನ್ನಡಿ ಯಾವ ಕೋನದಲ್ಲಿದೆ ಎಂಬುದನ್ನು ಅಳೆಯುವ ಸಾಧನವೂ ಜೊತೆಗಿದೆ.

‘ಸೆಟ್ ಗುಂಡಿಯನ್ನೊತ್ತಿ’ ಎಂಬುದು ಇಡೀ ಮೂಲದ ಹೃದಯ. ಒತ್ತಿದಾಗ ಏನು ನೆನಪಾಗುತ್ತದೆ? ಚಾಲಕನ ಎತ್ತರವೂ ಅಲ್ಲ, ತೂಕವೂ ಅಲ್ಲ, ಮುಖವೂ ಅಲ್ಲ. ಮೋಟರು ಒಂದು ಗೊತ್ತಾದ ತುದಿಯಿಂದ ಎಷ್ಟು ಸುತ್ತು ಸುತ್ತಿದೆ ಎಂಬ ಎಣಿಕೆ ಮಾತ್ರ. ಎಣಿಕೆ ನಡೆಯುವ ಬಗೆ ಹೀಗೆ: ಮೋಟರಿನ ದಂಡಕ್ಕೆ ಕಾಂತದ ಸಣ್ಣ ಬಳೆಯೊಂದನ್ನು ತೊಡಿಸಿರುತ್ತಾರೆ, ಅದರ ಪಕ್ಕದಲ್ಲಿ ಹಾಲ್ ಸಂವೇದಕ ಕೂತಿರುತ್ತದೆ. ವಿದ್ಯುತ್ ಹರಿಯುವ ವಾಹಕಕ್ಕೆ ಅಡ್ಡಲಾಗಿ ಕಾಂತಕ್ಷೇತ್ರವಿದ್ದರೆ ಅದರ ಮಗ್ಗುಲುಗಳಲ್ಲಿ ಸಣ್ಣ ವೋಲ್ಟೇಜು ಹುಟ್ಟುತ್ತದೆಂದು ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದದ್ದೇ ಇದರ ಬುಡ. ದಂಡ ಸುತ್ತಿದಂತೆ ಕಾಂತದ ಧ್ರುವಗಳು ಸಂವೇದಕದ ಮುಂದೆ ಹಾಯುತ್ತವೆ, ಪ್ರತಿ ಹಾಯ್ವಿಗೂ ಒಂದು ಮಿಡಿತ ಹೊರಡುತ್ತದೆ. ಮುಂದಕ್ಕೆ ಸುತ್ತಿದರೆ ಎಣಿಕೆ ಕೂಡುತ್ತದೆ, ಹಿಂದಕ್ಕೆ ಸುತ್ತಿದರೆ ಕಳೆಯುತ್ತದೆ. ಹಿಂದಿನ ತುದಿಯಿಂದ ಮುಂದಕ್ಕೆ ಅಪ್ಪನ ಆಸನ 200 ಮಿಡಿತ, ಮಗಳದು 640 ಎಂದಿಟ್ಟುಕೊಳ್ಳೋಣ. ಯಂತ್ರದ ಪಾಲಿಗೆ ಅಪ್ಪನೆಂದರೆ 200, ಮಗಳೆಂದರೆ 640. ಹೀಗೆಯೇ ಬೆನ್ನಿಗೊಂದು, ಎತ್ತರಕ್ಕೊಂದು, ಕಂಬಕ್ಕೆರಡು ಸಂಖ್ಯೆ. ಕೆಲವು ವಾಹನಗಳಲ್ಲಿ ಎಣಿಕೆಯ ಬದಲು ಪೊಟೆನ್ಶಿಯೋಮೀಟರನ್ನು ಇಟ್ಟಿರುತ್ತಾರೆ. ಸ್ಥಾನ ಬದಲಾದಂತೆ ಅದರ ವೋಲ್ಟೇಜು ಬದಲಾಗುತ್ತದೆ, ಆ ವೋಲ್ಟೇಜನ್ನೇ ನೆನಪಿಡುತ್ತಾರೆ.

‘ಬಳಿಕ ಅಂಕೆಯನ್ನೊತ್ತಿ.’ ಸೆಟ್ ಒತ್ತಿದ ಕೆಲವು ಕ್ಷಣಗಳೊಳಗೆ ಅಂಕೆಯನ್ನೊತ್ತಬೇಕು. ತಡವಾದರೆ ಮೊದಲಿನ ಆಜ್ಞೆ ಬಿದ್ದುಹೋಗುತ್ತದೆ. ಕೈ ತಾಗಿ ಹಳೆಯ ನೆನಪು ಅಳಿಯದಿರಲೆಂದೇ ಈ ಎರಡು ಹೆಜ್ಜೆಯ ಕಟ್ಟಳೆ. ಅಂಕೆ ಒತ್ತಿದೊಡನೆ ಆಸನದ ನಿಯಂತ್ರಕ, ಅಂದರೆ ಆಸನದಡಿಯ ಪುಟ್ಟ ಗಣಕ, ಆಗಿನ ಸಂಖ್ಯೆಗಳನ್ನು ಅಳಿಯದ ಸ್ಮೃತಿಕೋಶಕ್ಕೆ ಬರೆಯುತ್ತದೆ. ಅಳಿಯದ ಎಂಬ ವಿಶೇಷಣವನ್ನು ಇಚಲಕರಂಜಿಯವರು ಬೇಗ ಹಿಡಿಯಬಲ್ಲರು. ವಿಠ್ಠಲರಾವ್ ದಾತಾರರು 1904ರಲ್ಲಿ ಮೊದಲ ಯಂತ್ರಮಗ್ಗ ಹೂಡಿದ ಆ ಊರಿನಲ್ಲಿ ಡಾಬಿ ಎಂಬ ವಿನ್ಯಾಸಯಂತ್ರ ಕೂಡಿಸಿದ ಮಗ್ಗಗಳುಂಟು. ಡಾಬಿಯ ಮರದ ಪಟ್ಟಿಗಳಲ್ಲಿ ನೆಟ್ಟ ಗೂಟಗಳು ಯಾವ ಎಳೆಗಳು ಏಳಬೇಕೆಂಬುದನ್ನು ಹಿಡಿದಿಟ್ಟಿರುತ್ತವೆ. ಕರೆಂಟು ಹೋಗಿ ಮಗ್ಗ ನಿಂತರೂ ಗೂಟ ಕದಲುವುದಿಲ್ಲ. ಕರೆಂಟು ಬಂದಾಗ ನೇಯ್ಗೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಸ್ಮೃತಿಕೋಶದಲ್ಲಿ ಬರೆದ ಸಂಖ್ಯೆಯೂ ಅಂಥದೇ.

‘ಎಲ್ಲವೂ ಮರಳುವುವು’ ಎಂಬಲ್ಲಿ ‘ಎಲ್ಲವೂ’ ಎಂದಿರುವುದರಿಂದ ಒಬ್ಬರ ಮಾತು ಎಲ್ಲರಿಗೂ ಮುಟ್ಟಬೇಕೆಂದಾಯಿತು. ಬಾಗಿಲಿನ ಗುಂಡಿಯಿಂದ ಆಸನಕ್ಕೆ, ಕಂಬಕ್ಕೆ, ಎರಡು ಕನ್ನಡಿಗೆ ಬೇರೆ ಬೇರೆ ತಂತಿ ಎಳೆದರೆ ತಂತಿಯ ಹೊರೆಯೇ ಹೆಚ್ಚಾದೀತು. ಆದಕಾರಣ ಕ್ಯಾನ್ ಎಂಬ ಸಂವಹನ ಮಾರ್ಗವಿದೆ. ಜರ್ಮನಿಯ ಬಾಷ್ ಕಂಪನಿ ಇದನ್ನು 1986ರಲ್ಲಿ ಲೋಕದ ಮುಂದಿಟ್ಟಿತು. ‘ಎರಡು’ ಎಂಬ ಸಂದೇಶ ಈ ಮಾರ್ಗದಲ್ಲಿ ಒಮ್ಮೆ ಹೊರಟರೆ ಆಯಾ ನಿಯಂತ್ರಕ ಅದನ್ನು ಕೇಳಿ, ಈಗಿನ ಎಣಿಕೆಯನ್ನು ನೆನಪಿನ ಎಣಿಕೆಯೊಡನೆ ತೂಗಿ, ಎರಡೂ ಸಮವಾಗುವವರೆಗೆ ತನ್ನ ಮೋಟರನ್ನು ಓಡಿಸುತ್ತದೆ. ಬ್ಯಾಟರಿಯ ಮೇಲೆ ಒಮ್ಮೆಲೇ ಭಾರ ಬೀಳದಿರಲೆಂದು ಹಲವು ವಾಹನಗಳಲ್ಲಿ ಮೋಟರುಗಳು ಒಂದರ ಬೆನ್ನಿಗೆ ಒಂದು ಹೊರಡುತ್ತವೆ. ಹುಪರಿಯ ಮಗಳು ‘ಎರಡು’ ಒತ್ತಿದಾಗ ಮೊದಲು ಆಸನ ಸದ್ದು ಮಾಡುತ್ತ ಮುಂದೆ ಬಂದು, ಆಮೇಲೆ ಬೆನ್ನು ನೆಟ್ಟಗಾಗುವುದು ಇದರಿಂದಲೇ.

ಈ ಮರಳುವಿಕೆಗೆ ಒಂದು ಉಪಾಂಗವೂ ಉಂಟು: ಇಳಿಯುವಾಗ ಆಸನ ತಾನೇ ಹಿಂದೆ ಸರಿಯುವುದು, ಕಂಬ ಮೇಲೇಳುವುದು, ಮತ್ತೆ ಹತ್ತಿ ಗಾಡಿ ಚಾಲೂ ಮಾಡಿದಾಗ ಮೊದಲಿನ ಸ್ಥಾನಕ್ಕೆ ಬರುವುದು. ಮಂಡಿನೋವಿನ ಹಿರಿಯರಿಗೆ ಇದು ನಿಜವಾದ ಉಪಕಾರ, ಶೋಕಿಯಲ್ಲ. ವಿಚಾರ ಹೊಸದೂ ಅಲ್ಲ. 1957ರಲ್ಲಿಯೇ ಅಮೆರಿಕದ ಫೋರ್ಡ್ ಥಂಡರ್‌ಬರ್ಡ್ ಕಾರಿಗೆ ಡಯಲ್-ಒ-ಮ್ಯಾಟಿಕ್ ಎಂಬ ಆಸನ ದೊರೆಯುತ್ತಿತ್ತು. ಬಿಲ್ಲೆ ತಿರುಗಿಸಿ ಸ್ಥಾನ ಗೊತ್ತುಮಾಡಿದರೆ ಕೀಲಿ ತಿರುವಿದಾಗ ಆಸನ ಅಲ್ಲಿಗೆ ಬರುತ್ತಿತ್ತು, ಗಾಡಿ ಬಂದ್ ಮಾಡಿದಾಗ ಹಿಂದೆ ಸರಿಯುತ್ತಿತ್ತು. 1961ರ ಥಂಡರ್‌ಬರ್ಡಿನಲ್ಲಿ ಸ್ಟೇರಿಂಗನ್ನೇ ಪಕ್ಕಕ್ಕೆ ಸರಿಸಿ ಇಳಿಯುವ ಏರ್ಪಾಡಿತ್ತು.

‘ವಾಹನ ನಿಂತಿರಬೇಕು’ ಎಂಬ ಕಡೆಯ ವಾಕ್ಯ ನಿಷೇಧರೂಪದ್ದು. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡುತ್ತಿರುವಾಗ ಮಗಳ ಆಸನ ಅಪ್ಪನ 200ಕ್ಕೆ ಜರುಗಿದರೆ ಅವಳ ಕಾಲು ಬ್ರೇಕಿನಿಂದ ದೂರವಾಗುತ್ತದೆ. ಆದುದರಿಂದ ಗಾಡಿ ಓಡುತ್ತಿದ್ದರೆ ನಿಯಂತ್ರಕ ಅಂಕೆಯ ಆಜ್ಞೆಯನ್ನು ಒಪ್ಪುವುದಿಲ್ಲ. ಸ್ಥಾನಕ್ಕೆ ಮರಳುತ್ತಿರುವಾಗ ಆಸನದ ಯಾವುದೇ ಸ್ವಿಚ್ಚನ್ನು ಮುಟ್ಟಿದರೂ ಚಲನೆ ನಿಲ್ಲುವಂತೆ ಮಾಡಿರುವುದೂ ಇದೇ ಎಚ್ಚರದಿಂದ. ಆಸನದ ಹಿಂದೆ ಮಗುವಿನ ಕಾಲೋ ಚೀಲವೋ ಸಿಕ್ಕಿರಬಹುದು.

ಇನ್ನು ಮೂಲದಲ್ಲಿ ಹೇಳದೆ ಉಳಿದದ್ದೊಂದು. ಎಣಿಕೆಗೆ ಆಧಾರ ತುದಿ. ತುದಿಯ ಗುರುತು ತಪ್ಪಿದರೆ 640 ಎಂಬುದಕ್ಕೆ ಅರ್ಥವಿಲ್ಲ. ಬ್ಯಾಟರಿ ಬದಲಿಸಿದಾಗ ಅಥವಾ ಚಲನೆಯ ನಡುವೆ ಕರೆಂಟು ತಪ್ಪಿದಾಗ ಕೆಲವು ವಾಹನಗಳಲ್ಲಿ ಈ ಗುರುತು ಹೋಗುತ್ತದೆ. ಆಗ ಅಂಕೆ ಒತ್ತಿದರೆ ಆಸನ ಅಲ್ಲಾಡದು, ಇಲ್ಲವೇ ತಪ್ಪು ಜಾಗಕ್ಕೆ ಹೋಗಿ ನಿಲ್ಲುತ್ತದೆ. ಅದು ಮೋಟರು ಕೆಟ್ಟ ಲಕ್ಷಣವೆಂದು ಅವಸರದಲ್ಲಿ ತೀರ್ಮಾನಿಸಬೇಡಿ. ಗ್ಯಾರೇಜಿಗೆ ಒಯ್ಯುವ ಮುನ್ನ ನಿಮ್ಮ ಕಾರಿನ ಕೈಪಿಡಿಯಲ್ಲಿ ಇದಕ್ಕೆ ಹೇಳಿದ ಕ್ರಮವನ್ನು ನೋಡಿ. ಸಾಮಾನ್ಯವಾಗಿ ಆಸನವನ್ನು ಸ್ವಿಚ್ಚಿನಿಂದ ಆ ತುದಿಗೂ ಈ ತುದಿಗೂ ಪೂರ್ತಿ ಒಯ್ದು, ಬಳಿಕ ಮನೆಯಲ್ಲಿ ಕಾರು ಓಡಿಸುವ ಪ್ರತಿಯೊಬ್ಬರೂ ತಮ್ಮ ಅಂಕೆಯನ್ನು ಹೊಸದಾಗಿ ಬರೆದುಕೊಂಡರೆ ಸಾಕಾಗುತ್ತದೆ.